ರಾವಣನ ಗಡುವು

ರಾವಣನು ಸೀತಾದೇವಿಯನ್ನು ಕದ್ದೊಯ್ದು ಲಂಕೆಯಲ್ಲಿಟ್ಟು, ತನ್ನನ್ನು ಒಪ್ಪಿಕೊಳ್ಳುವುದಕ್ಕೆ ಹನ್ನೆರಡು ತಿಂಗಳ ಗಡುವನ್ನು ಕೊಟ್ಟನೆಂಬುದು ವಾಲ್ಮೀಕಿರಾಮಾಯಣವನ್ನು ಓದಿದ ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿದೆ. 2020ರಲ್ಲಿ ಪೋಲೆಂಡ್ ದೇಶದಲ್ಲಿ ತೆರೆಕಂಡು, ಅದೇ ವರ್ಷ ನೆಟ್‌ಫ್ಲಿಕ್ಸಿನ ಮೂಲಕ ಲೋಕದ ಮನೆಮನೆಗಳನ್ನು ಹೊಕ್ಕ ‘365 ದಿನಗಳು’ ಎಂಬ ಚಲಚ್ಚಿತ್ರದ ಕಥೆಯೂ ಹೆಚ್ಚುಕಡಿಮೆ ಇದೇ. ಬ್ಲಾಂಕಾ ಲಿಪಿನ್‌ಸ್ಕಾ ಎಂಬಾಕೆಯ ಕಾಮಪ್ರಧಾನವಾದ ಕಾದಂಬರಿಯೇ ಅದಕ್ಕೆ ಮೂಲ. ಸಿಸಿಲಿಯ ಪಾತಕಿಗಳ ಗುಂಪಿನ ಯಜಮಾನನೊಬ್ಬನು ಪರಿಚಯವಿಲ್ಲದ ತರುಣಿಯನ್ನು ಅಪಹರಿಸಿ, ಒಂದು ವರ್ಷದೊಳಗೆ ನೀನು ನನ್ನನ್ನು ಪ್ರೀತಿಸಬೇಕೆಂದು ಗಡುವು ವಿಧಿಸುವನು. ಸೀತೆಯು ರಾವಣನಿಗೂ ತನಗೂ ನಡುವೆ ಹುಲ್ಲುಕಡ್ಡಿಯೊಂದನ್ನಿಟ್ಟು ಉತ್ತರ ಕೊಟ್ಟಳು. ಈ ಚಿತ್ರದ ತರುಣಿಯಾದರೋ ಗಡುವು ಮುಗಿಯುವ ಮೊದಲೇ ಒಲಿದುಬಿಡುವಳು. ಅಲ್ಲಿ ಖಳನಾದವನು ಇಲ್ಲಿ ನಾಯಕನಾಗಿರುವನು. ವೇಲ್ಸ್ ದೇಶದ ಡಫ್ಫಿ ಎಂಬ ಗಾಯಕಿಯು, ತಾನೇ ಅಪಹರಣಕ್ಕೂ ಅತ್ಯಾಚಾರಕ್ಕೂ ಗುರಿಯಾಗಿದ್ದವಳಾದ ಕಾರಣ, ಈ ಚಿತ್ರವು ಅಂಥ ಕ್ರೌರ್ಯಕ್ಕೆ ಮೆರುಗು ಕೊಡುತ್ತದೆಂದು ನೆಟ್‌ಫ್ಲಿಕ್ಸಿನ ಮುಖ್ಯಾಧಿಕಾರಿಗೆ ಬಹಿರಂಗ ಪತ್ರವನ್ನು ಬರೆದಳು.

ಇದಕ್ಕೆ ಮೊದಲೇ, 2015ರಲ್ಲಿ, ಇ. ಎಲ್. ಜೇಮ್ಸ್ ಎಂಬಾಕೆಯ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಎಂಬ ಕಾದಂಬರಿಯೂ ಚಿತ್ರವಾಗಿ ಬಂದಿತ್ತು. ಅದರ ನಾಯಕನು ಮಹಾ ಧನಿಕ, ಸುಂದರ. ತರುಣಿಯು ಎಲ್ಲಿರುವಳೆಂಬುದನ್ನು ಅವಳ ದೂರವಾಣಿಯ ಮೂಲಕವೇ ಪತ್ತೆಮಾಡಿ ಅಲ್ಲಿಗೆ ಬಂದು ನಿಲ್ಲುವನು. ಬಡವನೊಬ್ಬನು ಹೀಗೆ ಮಾಡಿದ್ದರೆ ನೋಡುವವರು ಪೊಲೀಸರನ್ನು ಕರೆಯಬೇಕೆನ್ನುತ್ತಿದ್ದರು. ಹಣವೂ ರೂಪವೂ ಹಿನ್ನೆಲೆಯ ಸಂಗೀತವೂ ಕೂಡಿದಾಗ ಅದೇ ನಡತೆಯು ಅನುರಾಗವೆನಿಸಿಕೊಳ್ಳುವುದು.

ಪರದೇಶದ ಈ ಕಥೆಗಳಿಂದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಗೃಹಸ್ಥರಿಗೆ ಏನಾಗಬೇಕೆಂದು ಕೆಲವರು ಕೇಳಬಹುದು. ಅಂಥ ನಾಯಕನು ನಮ್ಮ ಮಗ್ಗುಲಲ್ಲಿಯೇ ಹುಟ್ಟಿಲ್ಲವೆ? ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರಲ್ಲಿ ಜನಿಸಿದ ಪುಟ್ಟಣ್ಣನವರು ಕನ್ನಡ ಚಲಚ್ಚಿತ್ರಗಳಿಗೆ ಘನತೆಯನ್ನು ತಂದ ನಿರ್ದೇಶಕರು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಟ್ಟುಗೂಡಿಸಿ 1972ರಲ್ಲಿ ಅವರು ತೆಗೆದ ‘ನಾಗರಹಾವು’ ಚಿತ್ರವನ್ನು ನೋಡದ ಮನೆ ನಮ್ಮಲ್ಲಿ ವಿರಳ. ಆ ಕಾದಂಬರಿಗಳು ಮೇಲೆ ಹೇಳಿದ ಜಾತಿಯವಲ್ಲ. ಅವುಗಳ ತೂಕವೇ ಬೇರೆ. ಆದರೂ ಚಿತ್ರದಲ್ಲಿ ನಾವು ಗಮನಿಸಬೇಕಾದುದೊಂದಿದೆ. ಜಲೀಲನೆಂಬ ಪುಂಡನು ಅಲಮೇಲುವನ್ನು ಬೀದಿಯಲ್ಲಿ ಅಡ್ಡಗಟ್ಟಿ ಪೀಡಿಸುವನು. ಅದನ್ನು ಬಿಡಿಸುವವನು ರಾಮಾಚಾರಿ. ಅದೇ ರಾಮಾಚಾರಿಯು ಮುಂದೆ ಗೆಳೆಯನೊಡನೆ ಕಟ್ಟಿದ ಪಂಥಕ್ಕಾಗಿ ಮಾರ್ಗರೆಟ್ ಎಂಬ ತರುಣಿಯನ್ನು ಚುಂಬಿಸಲು ಹೊರಡುವನು. ಅವಳು ಕೆನ್ನೆಗೆ ಹೊಡೆಯುವಳು. ಕಡೆಗೆ ಅವಳೇ ಅವನಿಗೆ ಒಲಿಯುವಳು. ಜಲೀಲನು ಮಾಡಿದರೆ ಪುಂಡಾಟ, ರಾಮಾಚಾರಿಯು ಮಾಡಿದರೆ ಪೌರುಷ! ಹೆಣ್ಣಿನ ಕಡೆಯಿಂದ ನೋಡಿದರೆ ಇವೆರಡಕ್ಕೂ ಭೇದವೆಲ್ಲಿ? ತಮ್ಮ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವನ್ನಾಗಿ ಮಾಡಿದರೆಂದು ತ. ರಾ. ಸು. ಅವರು ಆಕ್ಷೇಪಿಸಿದುದು ಪ್ರಸಿದ್ಧವಾಗಿದೆ. ನಮ್ಮ ಆಕ್ಷೇಪಣೆ ಬೇರೆ. ಹಾವಿನ ವಿಷವನ್ನು ಚಿತ್ರವು ತೋರಿಸಿತು. ಕಚ್ಚಿಸಿಕೊಂಡವಳ ನೋವನ್ನು ಮಾತ್ರ ಬೇಗನೆ ಮರೆಯಿತು.

ಶೃಂಗಾರವೇ ಬೇಡವೆನ್ನುವ ಮಡಿವಂತಿಕೆ ನಮ್ಮದಲ್ಲ. ಕಾಮವನ್ನು ಪುರುಷಾರ್ಥಗಳಲ್ಲಿ ಒಂದೆಂದು ಎಣಿಸಿದ ದೇಶ ನಮ್ಮದು. ಆದರೆ ಆ ಶಾಸ್ತ್ರವನ್ನೇ ಬರೆದ ವಾತ್ಸ್ಯಾಯನನು, ಸ್ತ್ರೀಯರ ಸ್ವಭಾವವು ಹೂವಿನಂತೆ ಮೃದುವಾದುದೆಂದೂ, ವಿಶ್ವಾಸವನ್ನು ಸಂಪಾದಿಸುವುದಕ್ಕೆ ಮೊದಲೇ ಬಲಾತ್ಕಾರದಿಂದ ಸಮೀಪಿಸಿದರೆ ಅವರು ಸಮಾಗಮವನ್ನೇ ದ್ವೇಷಿಸುವರೆಂದೂ ಎಚ್ಚರಿಸಿದ್ದಾನೆ. ಇದನ್ನು ಆತನು ಹೇಳಿದುದು ಕೈಹಿಡಿದ ಪತಿಗೆ ಎಂಬುದನ್ನು ಗಮನಿಸಬೇಕು. ಆಲಂಕಾರಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವರು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ, ರತಿಯು ಇಬ್ಬರಲ್ಲಿಯೂ ನೆಲೆಗೊಳ್ಳದೆ ಒಬ್ಬರಲ್ಲಿಯೇ ಇದ್ದರೆ ಅದು ರಸವಲ್ಲ, ರಸಾಭಾಸವೆಂದು ವಿಧಿಸಿದನು. ಆಭಾಸವೆಂದರೆ ಹೊಳಪಿದ್ದೂ ಹುರುಳಿಲ್ಲದುದು; ಕಪ್ಪೆಚಿಪ್ಪು ದೂರದಿಂದ ಬೆಳ್ಳಿಯಂತೆ ಕಾಣುವ ಹಾಗೆ. ರಾವಣನಿಗೆ ಸೀತೆಯಲ್ಲಿದ್ದ ಮೋಹವನ್ನೇ ಅಭಿನವಗುಪ್ತನು ಇದಕ್ಕೆ ಉದಾಹರಣೆಯಾಗಿ ಎತ್ತಿಕೊಂಡನು. ರಾವಣನ ವಿರಹವು ಸುಳ್ಳೆಂದು ಆತನು ಹೇಳಲಿಲ್ಲ. ಒಂದು ಕಡೆಯ ತಾಪವು ಎಷ್ಟೇ ತೀವ್ರವಾಗಿರಲಿ, ಅದರಿಂದ ಶೃಂಗಾರವು ಸಿದ್ಧಿಸದು. ಇಂದಿನ ಚಿತ್ರಗಳು ಮಾಡುವ ಮೋಸವೆಲ್ಲ ಇಲ್ಲಿಯೇ ಅಡಗಿದೆ: ಆಭಾಸವನ್ನು ರಸವೆಂದು ನಮ್ಮ ತಟ್ಟೆಗೆ ಬಡಿಸುವರು.

ಕೃಷ್ಣನು ರುಕ್ಮಿಣಿಯನ್ನು ಅಪಹರಿಸಲಿಲ್ಲವೆ, ಅವನನ್ನೇಕೆ ಪೂಜಿಸುವಿರಿ ಎಂದು ಜಾಣರಾದ ಹುಡುಗರು ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ಆದರೆ ಬ್ರಾಹ್ಮಣನೊಬ್ಬನ ಕೈಯಲ್ಲಿ ಸಂದೇಶವನ್ನು ಕಳುಹಿಸಿ, ಬಂದು ತನ್ನನ್ನು ಕರೆದೊಯ್ಯೆಂದು ಬೇಡಿದವಳು ರುಕ್ಮಿಣಿಯೇ. ರಥವು ಬಂದುದು ಆ ಬಳಿಕ. ಭೀಷ್ಮನು ಕಾಶೀರಾಜನ ಮೂವರು ಕುವರಿಯರನ್ನು ರಥದಲ್ಲಿ ಹೇರಿಕೊಂಡು ಬಂದಾಗ ಅಂಬೆಯ ಮನಸ್ಸನ್ನು ಯಾರೂ ಕೇಳಲಿಲ್ಲ. ಅವಳು ಸಾಲ್ವನಿಗೆ ಒಲಿದಿದ್ದಳು. ಅವಳ ಬಾಳು ಹಾಳಾಯಿತು. ಭೀಷ್ಮನ ಮರಣವೂ ಆ ಅನ್ಯಾಯದಿಂದಲೇ ಮೊಳೆಯಿತು. ರಥ, ವೇಗ, ಸಾಹಸ ಇವು ಎರಡು ಕಥೆಗಳಲ್ಲಿಯೂ ಒಂದೇ. ಹೆಣ್ಣಿನ ಸಮ್ಮತಿಯೊಂದೇ ಬೇರೆ.

ಈ ವಿಚಾರವು ಕಾವ್ಯಕ್ಕೆ ಮಾತ್ರ ಸೇರಿದುದಲ್ಲ. ಹಳ್ಳಿಗಳಿಂದ ಬಸ್ಸಿನಲ್ಲಿ ಹುಣಸೂರಿಗೋ ಮೈಸೂರಿಗೋ ಕಾಲೇಜಿಗೆಂದು ಹೋಗಿಬರುವ ಹೆಣ್ಣುಮಕ್ಕಳನ್ನು ಕೇಳಿ ನೋಡಿರಿ. ಬೇಡವೆಂದರೂ ಬೆನ್ನುಹತ್ತುವ ತರುಣನು ತನ್ನನ್ನು ಖಳನೆಂದು ಎಣಿಸಿಕೊಂಡಿರುವುದಿಲ್ಲ. ತಾನೂ ಚಿತ್ರದ ನಾಯಕನೆಂದೂ, ಅವಳ ಕೋಪವು ಒಲವಿನ ಮೊದಲ ಮೆಟ್ಟಿಲೆಂದೂ ನಂಬಿರುವನು. ಹುಡುಗಿಯು ಮನೆಯಲ್ಲಿ ಹೇಳಿಕೊಂಡರೆ ಅನೇಕ ಮನೆಗಳಲ್ಲಿ ದೊರೆಯುವ ಪರಿಹಾರವೇನು? ನಾಳೆಯಿಂದ ಕಾಲೇಜಿಗೆ ಹೋಗಬೇಡ ಎಂಬುದು. ತಪ್ಪು ಒಬ್ಬನದು, ದಂಡ ಇನ್ನೊಬ್ಬಳಿಗೆ. ಆದುದರಿಂದ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡದೆಯೇ ಸಹಿಸುವರು.

ಸರಕಾರದ ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಹೆಣ್ಣು ತನಗೆ ಮನಸ್ಸಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು 2013ರಿಂದ ನಮ್ಮ ದೇಶದಲ್ಲಿ ಪ್ರತ್ಯೇಕ ಅಪರಾಧವೆನಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಇದಕ್ಕೆ ಮೊದಲ ಸಲ ಮೂರು ವರ್ಷದವರೆಗೂ, ಮತ್ತೆ ಮಾಡಿದರೆ ಐದು ವರ್ಷದವರೆಗೂ ಸೆರೆಮನೆಯ ಶಿಕ್ಷೆಯನ್ನು ವಿಧಿಸುತ್ತದೆ.

ಮಕ್ಕಳ ಕೈಯಿಂದ ಮೊಬೈಲನ್ನು ಕಸಿದುಕೊಳ್ಳಿರೆಂದು ನಾವು ಹೇಳೆವು; ಕಸಿದುಕೊಂಡುದನ್ನು ಅವರು ಬೇರೆಡೆಯಲ್ಲಿ ನೋಡಿಯೇ ನೋಡುವರು. ತಂದೆತಾಯಿಗಳು ಒಟ್ಟಿಗೆ ಕುಳಿತು ಚಿತ್ರವನ್ನು ನೋಡುವಾಗ ಗಂಡುಮಕ್ಕಳಿಗೆ ಒಂದು ಪ್ರಶ್ನೆಯನ್ನು ಹಾಕಲಿ: ಅವಳು ಬೇಡವೆಂದಳಲ್ಲ, ಇವನು ಕೇಳಿಸಿಕೊಂಡನೆ? ಹೆಣ್ಣುಮಕ್ಕಳಿಗೆ ಒಂದು ಭರವಸೆಯನ್ನು ಕೊಡಲಿ: ನಿನ್ನನ್ನು ಯಾರಾದರೂ ಪೀಡಿಸಿದರೆ ನಮಗೆ ಹೇಳು, ನಿನ್ನ ಓದನ್ನು ನಾವು ನಿಲ್ಲಿಸುವುದಿಲ್ಲ. ಇವೆರಡರಲ್ಲಿ ಎರಡನೆಯದನ್ನು ಇಂದೇ ಹೇಳುವುದು ಲೇಸು.