ಕಾಯುವಾಗ ನಮ್ಮದು, ಕಚ್ಚಿದರೆ ಬೀದಿಯದು

21ನೇ ಜಾನುವಾರು ಗಣತಿ ನಡೆದಾಗ ಸುದ್ದಿ ಮಾಡಲೆಂದು ನಾವು ಗಣತಿದಾರರ ಹಿಂದೆ ಜೈನಾಪುರದ ಕಡೆಯ ಒಂದು ತೋಟದ ವಸ್ತಿಗೆ ಹೋಗಿದ್ದೆವು. ಅವರು ಕೇಳುತ್ತ ಹೋದರು, ಮನೆಯ ಯಜಮಾನರು ಹೇಳುತ್ತ ಹೋದರು. ಎಮ್ಮೆ ಎರಡು, ಆಕಳು ಒಂದು, ಎತ್ತು ಒಂದು ಜೋಡಿ, ಆಡು ಒಂಬತ್ತು, ಕೋಳಿ ಹನ್ನೊಂದು. ಕೋಳಿಯ ಲೆಕ್ಕವೂ ಬಾಯಲ್ಲೇ ಇತ್ತು.

"ನಾಯಿ ಎಷ್ಟ್ರಿ?"

"ನಾಯಿ ನಮ್ಮವಲ್ರಿ. ಇಲ್ಲೇ ಬಂದು ಬಿದ್ದಿರ್ತಾವ, ಅಷ್ಟ."

ಈ ಮಾತು ಹೇಳುವಾಗ ಅವರು ಕುಳಿತ ಹೊರಸಿನ ಕೆಳಗೇ ಒಂದು ನಾಯಿ ಮಲಗಿತ್ತು. ಇನ್ನೊಂದು ಕೊಟ್ಟಿಗೆಯ ಬಾಗಿಲಲ್ಲಿ ಮರಿಗಳಿಗೆ ಹಾಲು ಕುಡಿಸುತ್ತಿತ್ತು. ಉಳಿದೆರಡು ನಮ್ಮ ಬೈಕಿನ ಸಪ್ಪಳಕ್ಕೆ ಓಡಿ ಬಂದು ಬೊಗಳಿದ್ದವು. "ಏ ಕಾಳ್ಯಾ, ಸುಮ್ಕಿರೋ" ಎಂದು ಗದರಿದವರೂ ಅದೇ ಯಜಮಾನರು. ಕಾಳ್ಯಾ ಸುಮ್ಮನಾಯಿತು. ಹೆಸರು ಇದೆ, ಕರೆದರೆ ಬರುತ್ತದೆ, ಗದರಿದರೆ ಕೇಳುತ್ತದೆ. ಗಣತಿದಾರರು ಮೊಬೈಲಿನಲ್ಲಿ ಸೊನ್ನೆ ಒತ್ತಿ ಮುಂದಿನ ವಸ್ತಿಗೆ ನಡೆದರು.

ನಾವು ಅವರನ್ನು ನೋಡಿ ನಗುತ್ತಿಲ್ಲ. ನಮ್ಮ ಮನೆಯಲ್ಲೂ ಮೂರು ನಾಯಿ ಇವೆ. ನಮ್ಮ ಮನೆಗೆ ಗಣತಿ ಬಂದಾಗ ನಮ್ಮ ಅವ್ವ ಕೊಟ್ಟದ್ದೂ ಇದೇ ಉತ್ತರ. ಬಬಲೇಶ್ವರ, ತಿಕೋಟಾ ತಾಲ್ಲೂಕಿನ ಯಾವ ವಸ್ತಿಗೆ ಹೋದರೂ ನಾಲ್ಕು ನಾಯಿ ಕಾಣುತ್ತವೆ, ಒಡೆಯ ಮಾತ್ರ ಕಾಣುವುದಿಲ್ಲ. ನಮ್ಮ ತಕರಾರು ಇದರ ಬಗ್ಗೆಯೇ.

ಈ ನಾಯಿಗಳು ಎಷ್ಟು ದುಡಿಯುತ್ತವೆ ನೋಡಿ. ರಾತ್ರಿ ಪಂಪ್‌ಸೆಟ್ಟಿನ ಕೇಬಲ್ ಕೊಯ್ಯಲು ಬಂದವನಿಗೆ ಮೊದಲು ಎದುರಾಗುವುದು ನಾಯಿ. ಗೋವಿನಜೋಳಕ್ಕೆ ಹಂದಿ ಹೊಕ್ಕರೆ, ಆಡಿನ ಹಟ್ಟಿಗೆ ತೋಳ ಸುಳಿದರೆ, ಅಂಗಳದಲ್ಲಿ ಹಾವು ಹರಿದರೆ ಮನೆಯವರಿಗಿಂತ ಮೊದಲು ಎಚ್ಚರಾಗುವುದು ನಾಯಿ. ತಿಕೋಟಾ ಭಾಗದಲ್ಲಿ ಒಣದ್ರಾಕ್ಷಿ ಶೆಡ್ಡುಗಳ ರಾತ್ರಿ ಕಾವಲು ನಾಯಿಗಳ ಮೇಲೆಯೇ ನಿಂತಿದೆ. ಕರೆಂಟು ರಾತ್ರಿ ಎರಡಕ್ಕೆ ಬಂದರೆ ನೀರು ಹಾಯಿಸಲು ಒಬ್ಬರೇ ಹೊರಡುವ ರೈತರ ಜೊತೆ ಹೋಗುವವರು ಯಾರು? ಮಗನಲ್ಲ, ಆಳಲ್ಲ, ಕಾಳ್ಯಾ.

ಇನ್ನು ಈ ನಾಯಿಗಳಿಗಾಗಿ ಯಾರು ದುಡಿಯುತ್ತಾರೆ? ಗಂಡಸರು "ನಮ್ಮ ನಾಯಿ ಹುಲಿ ಇದ್ದಂಗ" ಎಂದು ಕಟ್ಟೆಯ ಮೇಲೆ ಹೇಳಿಕೊಳ್ಳುತ್ತಾರೆ. ನಾಲ್ಕು ನಾಯಿ ಎಂದರೆ ದಿನಕ್ಕೆ ಎಂಟು ರೊಟ್ಟಿ ಹೆಚ್ಚಿಗೆ ಬಡಿಯಬೇಕು. ಬಡಿಯುವವರು ಮನೆಯ ಹೆಣ್ಣುಮಕ್ಕಳು. ನುಚ್ಚು ಕುದಿಸಿ, ಮಜ್ಜಿಗೆ ಕಲಸಿ ಬೋಗುಣಿಗೆ ಹಾಕುವವರು ಅವರು. ನಾಯಿಯ ಕಿವಿಯೊಳಗಿನ ಉಣ್ಣಿ ಕೀಳುವವರು, ನಡುಮನೆಯಲ್ಲಿ ವಾಂತಿ ಮಾಡಿದರೆ ಬಳಿಯುವವರು, ಮರಿ ಹಾಕಿದಾಗ ಗೋಣಿಚೀಲ ಹಾಸಿಕೊಡುವವರೂ ಅವರೇ. ಒಂದು ನಾಯಿ ಇನ್ನೊಂದರ ಮೇಲೆ ಬಿದ್ದು ಜಗಳಾಡಿದರೆ ಕಸಬರಿಗೆ ಹಿಡಿದು ನಡುವೆ ಹೋಗುವವರೂ ಅವರೇ. ಇಷ್ಟೆಲ್ಲ ಮಾಡಿಯೂ "ನಾಯಿ ನಮ್ಮವಲ್ಲ" ಎನ್ನುವ ಮನೆಯಲ್ಲಿ ಅವರ ಈ ದುಡಿಮೆಯೂ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮದಲ್ಲ ಎಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಅದು ಯಾರನ್ನಾದರೂ ಕಚ್ಚುವವರೆಗೆ.

ನಮಗೆ ಗೊತ್ತಿರುವ ಒಂದು ಪ್ರಕರಣ ಹೇಳುತ್ತೇವೆ. ಊರು, ಹೆಸರು ಬೇಡ. ಶಾಲೆಗೆ ಹೊರಟ ಎಂಟು ವರ್ಷದ ಹುಡುಗನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿತು. ಅದು ಯಾರ ಮನೆಯ ಅಂಗಳದಲ್ಲಿ ಮಲಗುತ್ತದೆ ಎಂದು ಇಡೀ ಓಣಿಗೆ ಗೊತ್ತು. ತಾಯಿ ಕೇಳಲು ಹೋದರೆ ಆ ಮನೆಯವರು, "ಅದು ಬೀದಿ ನಾಯಿ ತಂಗಿ, ನಾವೇನ್ ಕಟ್ಟಿ ಸಾಕೀವೇನ?" ಎಂದರು. ಮರುದಿನ ನಾಯಿ ಊರಲ್ಲೇ ಇರಲಿಲ್ಲ. ಯಾರೋ ಗಾಡಿಯಲ್ಲಿ ಒಯ್ದು ದೂರ ಬಿಟ್ಟು ಬಂದಿದ್ದರು.

ಇದರಲ್ಲಿ ಎರಡು ಅನ್ಯಾಯ ಇವೆ. ಮೊದಲನೆಯದು, ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ "ನಾಯಿಗೆ ಲಸಿಕೆ ಆಗಿತ್ತಾ? ನಾಯಿ ಈಗ ಹೇಗಿದೆ?" ಎಂಬ ಪ್ರಶ್ನೆಗೆ ತಾಯಿಯ ಬಳಿ ಉತ್ತರ ಇರಲಿಲ್ಲ. ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿ ಬದುಕಿದ್ದರೆ, ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದು ತಿಳಿಯುತ್ತದೆ. ನಾಯಿಯೇ ಇಲ್ಲದಿದ್ದರೆ ಆ ಮನೆಯವರಿಗೆ ತಿಂಗಳುಗಟ್ಟಲೆ ನಿದ್ದೆ ಇಲ್ಲ. ಎರಡನೆಯದು, ಆ ನಾಯಿ ಈಗ ಇನ್ನೊಂದು ಊರಿನ ಶಾಲೆಯ ಮುಂದೆ, ಗುರುತಿಲ್ಲದ ಜನರ ನಡುವೆ, ಹಸಿದು ಹೆದರಿ ನಿಂತಿದೆ. ಇಲ್ಲಿ ಕಚ್ಚಿದ್ದು ಅಲ್ಲೂ ಕಚ್ಚಬಹುದು.

ಆ ತಾಯಿ ಕೂಲಿ ಬಿಟ್ಟು ನಾಲ್ಕು ಸಲ ಆಸ್ಪತ್ರೆಗೆ ಓಡಾಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ, ಆದರೆ ಬಸ್ಸಿನ ಹೊತ್ತು, ಕೂಲಿಯ ದಿನ ಉಚಿತವಲ್ಲ. ಚರ್ಮಕ್ಕೆ ಕೊಡುವ ಸೂಜಿಯನ್ನು ಮೊದಲ ದಿನ ಮಾಡಿಸಿ, ಆ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೇ ದಿನ ಮತ್ತೆ ಮಾಡಿಸಬೇಕು. ನಾಯಿ ಸಾಕಿದವರು ಒಂದು ಸೂಜಿ ಹಾಕಿಸಲಿಲ್ಲ, ಆ ಹುಡುಗ ನಾಲ್ಕು ಸಲ ಚುಚ್ಚಿಸಿಕೊಂಡ.

ಈಗ ನಮ್ಮ ತಪ್ಪು. ಆ ಹುಡುಗನ ಸುದ್ದಿಯನ್ನು ಪತ್ರಿಕೆಗೆ ಕಳಿಸಿದವರು ನಾವೇ. "ಬೀದಿ ನಾಯಿ ದಾಳಿ: ಬಾಲಕನಿಗೆ ಗಾಯ, ಕ್ರಮಕ್ಕೆ ಸಾರ್ವಜನಿಕರ ಆಗ್ರಹ." ಇಂಥ ಸುದ್ದಿ ಎಷ್ಟು ಕಳಿಸಿದ್ದೇವೋ ಲೆಕ್ಕವಿಲ್ಲ. ಅದು ಬೀದಿಯ ನಾಯಿ ಅಲ್ಲ ಎಂದು ನಮಗೂ ಗೊತ್ತಿತ್ತು. ಒಡೆಯರ ಹೆಸರು ಬರೆದರೆ ನಾಳೆ ಅದೇ ಓಣಿಯಲ್ಲಿ ತಿರುಗಾಡಬೇಕಲ್ಲ ಎಂದು ಪಂಚಾಯಿತಿಯನ್ನು ಬೈದು ಕೈತೊಳೆದುಕೊಂಡೆವು. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇವೆ. ನಮ್ಮ ಮನೆಯ ಹೆಣ್ಣು ನಾಯಿ ಐದು ಮರಿ ಹಾಕಿದಾಗ ಎರಡು ಗಂಡು ಮರಿಗಳನ್ನು ಬೀಗರು ಒಯ್ದರು. ಮೂರು ಹೆಣ್ಣು ಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಕಾಲುವೆಯ ಆಚೆ ಬಿಟ್ಟು ಬಂದೆವು. ಬೀದಿ ನಾಯಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಮ್ಮ ಉತ್ತರ ಇದು. ನಮ್ಮ ಚೀಲದಿಂದ ಬಂತು.

ಲೆಕ್ಕ ಸರಳ. ನಾಯಿ ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಸಲಕ್ಕೆ ಐದು ಎಂದರೂ ವರ್ಷಕ್ಕೆ ಹತ್ತು. ಹೆಣ್ಣು ಮರಿಯನ್ನು ಯಾರೂ ಒಯ್ಯುವುದಿಲ್ಲ, ಬೀದಿಗೆ ಬೀಳುವುದೂ ಅದೇ, ಮತ್ತೆ ಹಡೆಯುವುದೂ ಅದೇ. 2019ರ ಜಾನುವಾರು ಗಣತಿ ದೇಶದಲ್ಲಿ ಸುಮಾರು 1.53 ಕೋಟಿ ಬೀದಿ ನಾಯಿಗಳನ್ನು ಲೆಕ್ಕ ಹಾಕಿತು. ಅವುಗಳಲ್ಲಿ ಎಷ್ಟರ ಹಿಂದೆ ಒಂದು ಚೀಲ, ಒಂದು ಬೈಕು ಇತ್ತೋ!

ಊರಲ್ಲಿ ಈ ಮಾತು ತೆಗೆದರೆ ಎರಡು ಗುಂಪು ಎದ್ದು ನಿಲ್ಲುತ್ತವೆ. ಒಂದು ಗುಂಪು, "ಎಲ್ಲಾ ಹಿಡದು ವಿಷಾ ಹಾಕ್ರಿ" ಎನ್ನುತ್ತದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯ ಪ್ರಕಾರ ಅದು ಅಪರಾಧ. ಉಪಯೋಗವೂ ಇಲ್ಲ. ಇದ್ದ ನಾಯಿ ಸತ್ತರೆ ಆ ಜಾಗಕ್ಕೆ, ಆ ಎಂಜಲಿಗೆ ಲಸಿಕೆ ಇಲ್ಲದ ಹೊಸ ನಾಯಿ ಬರುತ್ತದೆ. ಇನ್ನೊಂದು ಗುಂಪು ಬಿಸ್ಕತ್ತು ಹಾಕಿ ಫೋಟೊ ತೆಗೆದು ಸ್ಟೇಟಸ್ ಇಡುತ್ತದೆ. ಸೂಜಿ ಹಾಕಿಸುವ ದಿನ ಅವರ ಫೋನು ಹತ್ತುವುದಿಲ್ಲ.

ಸುಪ್ರೀಂ ಕೋರ್ಟಿನ ಮಾತೂ ಕೇಳಿದ್ದೀರಿ. 2025ರ ಆಗಸ್ಟ್ 22ರಂದು ಅದು, ಬೀದಿ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿ ಹಿಡಿದಲ್ಲೇ ಬಿಡಿ, ರೇಬೀಸ್ ಇದ್ದವನ್ನು ಮತ್ತು ಮೈಮೇಲೆ ಬೀಳುವಂಥವನ್ನು ಬಿಡಬೇಡಿ ಎಂದಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗದಿಂದ ನಾಯಿಗಳನ್ನು ತೆಗೆಯಿರಿ ಎಂದಿತು. ಒಳ್ಳೆಯದು. ಆದರೆ ನಮ್ಮ ಹಳ್ಳಿಯ ಶಾಲೆಯ ಮುಂದೆ ನಿಂತ ನಾಯಿ ಯಾವುದು? ಬಿಸಿಯೂಟದ ಗಂಟೆಗೆ ಬಂದು, ಉಂಡು, ಸಂಜೆ ನಮ್ಮ ಕಟ್ಟೆಗೆ ಮರಳುವ ನಮ್ಮದೇ ಕಾಳ್ಯಾ. ದಿಲ್ಲಿಯ ಆದೇಶ ಅದನ್ನು ಹೇಗೆ ಗುರುತಿಸಬೇಕು? ನಾವೇ "ಇದು ನಮ್ಮದು" ಎನ್ನಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ ಈ ಗೆರೆ ಸ್ಪಷ್ಟವಾಗಿದೆ. ಬೀದಿಯದರ ಲಸಿಕೆ, ಸಂತಾನಹರಣದ ಹೊಣೆ ಸ್ಥಳೀಯ ಸಂಸ್ಥೆಯದು. ಸಾಕಿದ್ದರ ಹೊಣೆ ಸಾಕಿದವರದು.

"ನಮಗ ರೊಕ್ಕ ಎಲ್ಲೈತ್ರಿ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ. ಕಾಲುಬಾಯಿ ಬೇನೆಯ ಲಸಿಕೆ ಹಿಡಿದುಕೊಂಡು ಪಶುಪಾಲನಾ ಇಲಾಖೆಯವರು ವಸ್ತಿ ವಸ್ತಿಗೆ ಬರುತ್ತಾರೆ. ನಮ್ಮ ಆಕಳ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ. ಬರ್ಫದ ಡಬ್ಬಿ ಬಂತು, ಸೂಜಿ ಬಂತು, ಸಿಬ್ಬಂದಿ ಬಂದರು. ಅದೇ ಡಬ್ಬಿಯಲ್ಲಿ ನಾಯಿಯ ಲಸಿಕೆ ಯಾಕೆ ಬರಬಾರದು? ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಆದರೆ ನಾಯಿಗಳ ನಡುವೆ ರೇಬೀಸ್ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ನೂರಲ್ಲಿ ಎಪ್ಪತ್ತು ಎನ್ನಲು ನೂರು ಗೊತ್ತಿರಬೇಕು. ಗಣತಿಯಲ್ಲಿ ಸೊನ್ನೆ ಬರೆಸಿದ ಊರಿಗೆ ಎಷ್ಟು ಬಾಟಲಿ ಕಳಿಸುತ್ತಾರೆ? ಸೊನ್ನೆಯೇ.

ನಮ್ಮಲ್ಲಿ ನಾಯಿಗೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಕೃಷ್ಣೆ ದಾಟಿ ಮುಧೋಳಕ್ಕೆ ಹೋಗಿ ನೋಡಿ. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಇದೆ, ಮರಿಗಳು ಸೈನ್ಯಕ್ಕೂ ಹೋಗಿವೆ. ಆ ಮರಿಗೆ ಲಸಿಕೆಯ ಕಾರ್ಡು ಇರುತ್ತದೆ, ಯಾಕೆಂದರೆ ಅದಕ್ಕೆ ಸಾವಿರಾರು ರೂಪಾಯಿ ಬೆಲೆ ಇದೆ. ಕಾಳ್ಯಾನನ್ನು ಯಾರೂ ಕೊಳ್ಳುವುದಿಲ್ಲ, ಅದಕ್ಕೇ ಅವನಿಗೆ ಕಾರ್ಡಿಲ್ಲ. ರೇಬೀಸ್ ಮಾತ್ರ ಜಾತಿ ನಾಯಿ, ಹಾದಿ ನಾಯಿ ಎಂದು ನೋಡುವುದಿಲ್ಲ.

ಇನ್ನೂ ಹಿಂದಿನದು ಬೇಕೆಂದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದೆ. ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ ಮಣಲೇರ ಎಂಬ ವೀರ, ಯುದ್ಧದಲ್ಲಿ ಮೆರೆದದ್ದಕ್ಕೆ ಮೆಚ್ಚುಗೆಯಾಗಿ ಗಂಗರ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯ ಜೊತೆ ಕಾದಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಹತ್ತು ಶತಮಾನದ ಹಿಂದೆ ಒಂದು ನಾಯಿಗೆ ಹೆಸರಿತ್ತು, ಇದು ನನ್ನದು ಎನ್ನುವ ಒಡೆಯನಿದ್ದ. ನಮಗೆ ಕಲ್ಲು ಬೇಡ, ಭೂಮಿ ಬೇಡ. ಲಸಿಕೆಯ ಕಾರ್ಡಿನಲ್ಲಿ ಒಡೆಯರ ಹೆಸರಿನ ಜಾಗ ಖಾಲಿ ಇರದಿದ್ದರೆ ಸಾಕು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ನೇರವಾಗಿ ಇಡುತ್ತೇವೆ.

ಪಶುಪಾಲನಾ ಇಲಾಖೆಗೆ: ಕಾಲುಬಾಯಿ ಲಸಿಕೆಯ ಜೊತೆಗೇ ನಾಯಿಗಳ ರೇಬೀಸ್ ಲಸಿಕೆಯನ್ನೂ ವಸ್ತಿಗೆ ತನ್ನಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನ ಪಟ್ಟಣದಲ್ಲಿ ಬ್ಯಾನರ್ ಕಟ್ಟಿದರೆ ವಸ್ತಿಯ ನಾಯಿ ನಡೆದು ಬರುವುದಿಲ್ಲ.

ಪಂಚಾಯಿತಿಗೆ: ಹೋಬಳಿಗೊಂದು ಸಂತಾನಹರಣ ಶಿಬಿರ ನಡೆಸಲು ಒತ್ತಾಯಿಸಿ. ಹೆಣ್ಣು ನಾಯಿಗಳಿಂದ ಶುರು ಮಾಡಿ. ಗ್ರಾಮಸಭೆಯಲ್ಲಿ ಚರಂಡಿಯ ಮಾತಿನ ಜೊತೆ ಇದೂ ಒಂದು ಮಾತಾಗಲಿ.

ನಮಗೆ ನಾವೇ: ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಕೊರಳಿಗೆ ಒಂದು ಪಟ್ಟಿ. ಚೀಲ ಕಟ್ಟುವುದು ಬಂದ್. ನಮ್ಮ ನಾಯಿ ಕಚ್ಚಿದರೆ ಓಡಿಸಬೇಡಿ, ಕೊಲ್ಲಬೇಡಿ, ಕಟ್ಟಿ ಹಾಕಿ ಹತ್ತು ದಿನ ನೋಡಿ. ಕಚ್ಚಿಸಿಕೊಂಡವರ ಜೊತೆ ಆಸ್ಪತ್ರೆಗೆ ನೀವೇ ಹೋಗಿ. ಗಾಯಕ್ಕೆ ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಸೂಜಿ ಮಾಡಿಸಿ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೇಳಿ. ಹತ್ತು ದಿನ ನಾಯಿ ನೋಡಿ ಆಮೇಲೆ ಸೂಜಿ ಎಂದು ಕಾಯಬೇಡಿ. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಎಂದೇ ತಿಳಿಯಿರಿ.

ನಮ್ಮ ಮನೆಯಲ್ಲಿ ನಾಯಿ ಮೂರು. ರಾಜ್ಯಾ, ಮೋತ್ಯಾ, ಚಿನ್ನಿ. ಮೂರಕ್ಕೂ ಈ ವರ್ಷ ಲಸಿಕೆ ಆಗಿದೆ, ಒಡೆಯರು ಎಂದಿರುವಲ್ಲಿ ಅವ್ವನ ಹೆಸರು ಬರೆಸಿದ್ದೇವೆ. ರೊಟ್ಟಿ ಹಾಕುವವರು ಅವರೇ ತಾನೇ? ಚಿನ್ನಿಯ ಆಪರೇಷನ್ ಇನ್ನೂ ಬಾಕಿ ಇದೆ. ಮುಂದಿನ ಗಣತಿಯವರು ಬಂದಾಗ ಅವ್ವ ಮೂರು ಎಂದೇ ಹೇಳುತ್ತಾರೆ.