ಒಲೆಯ ಎತ್ತಂಗಡಿ

ಹೊಡೆತ ಬಡಿತ ಮಾತ್ರವೇ ದೌರ್ಜನ್ಯವಲ್ಲ. ಸಂಸಾರಕ್ಕೆ ಬೇಕಾದ ಹಣವನ್ನು, ಅಗತ್ಯ ವಸ್ತುಗಳನ್ನು ತಪ್ಪಿಸಿ ಹೆಣ್ಣನ್ನು ಕಂಗೆಡಿಸುವುದೂ ದೌರ್ಜನ್ಯವೇ ಎಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೇಳುತ್ತದೆ. ಅದಕ್ಕೆ ಆರ್ಥಿಕ ದೌರ್ಜನ್ಯ ಎಂಬ ಹೆಸರನ್ನೂ ಕೊಟ್ಟಿದೆ. ಗಂಡ ಹೀಗೆ ಮಾಡಿದರೆ ದೂರು ಕೊಡಬಹುದು. ಒಂದು ನಗರವೇ ಹೀಗೆ ಮಾಡಿದರೆ?

ಬೆಂಗಳೂರಿನ ಈಜಿಪುರವನ್ನೇ ನೋಡಿ. ಕೋರಮಂಗಲದ ಮಗ್ಗುಲಲ್ಲಿ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಎದ್ದ ವಸತಿ ಸಮುಚ್ಚಯದ ಹತ್ತಿರದಲ್ಲೇ, ಆರ್ಥಿಕವಾಗಿ ಹಿಂದುಳಿದವರ ವಸತಿಗೃಹಗಳಿದ್ದವು. ಕಟ್ಟಡಗಳು ಕುಸಿದ ಮೇಲೆ ಜನ ತಗಡಿನ ಶೆಡ್ಡುಗಳಲ್ಲಿ ಬದುಕಿದರು. ಆ ಜಾಗದ ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ಮಾಲ್ ಎಂದು ನಗರಪಾಲಿಕೆ ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನೊಂದಿಗೆ ಬುಲ್ಡೋಜರ್ ಬಂತು. ಸುಮಾರು 1,500 ಕುಟುಂಬಗಳು ನೆಲೆ ಕಳೆದುಕೊಂಡವು. ಕೆಲವರು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಗೆ ಹೋಗಬೇಕಾಯಿತು; ಹಲವರು ಅಲ್ಲೇ ಫುಟ್‌ಪಾತಿನಲ್ಲಿ ಒಲೆ ಹೂಡಿದರು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆದು, ಅಡುಗೆ ಮಾಡಿ ಬದುಕುತ್ತಿದ್ದ ಹೆಂಗಸರಿಗೆ ಸೂರು ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಆಯಿತು.

ಇಂಥ ಎತ್ತಂಗಡಿಯಲ್ಲಿ ಅಧಿಕಾರಿಗಳು ಗೋಡೆ, ಚಾವಣಿಗಳ ಲೆಕ್ಕ ಇಡುತ್ತಾರೆ. ಒಲೆಯ ಲೆಕ್ಕ ಯಾರೂ ಇಡುವುದಿಲ್ಲ. ಬಡವರ ಕೇರಿಯಲ್ಲಿ ಒಲೆ ಉರಿಯುವುದು ದುಡ್ಡಿನಿಂದ ಎಷ್ಟೋ, ಪರಿಚಯದಿಂದಲೂ ಅಷ್ಟೇ. ಮೂಲೆ ಅಂಗಡಿಯಲ್ಲಿ ಉದ್ರಿ ಪುಸ್ತಕ. ಹತ್ತು ರೂಪಾಯಿಗೂ ಟೊಮೆಟೊ ತೂಗುವ ತಳ್ಳುಗಾಡಿ. ಸಂಜೆ ಹೊತ್ತಿಗೆ ಬಾಡಿದ ಸೊಪ್ಪನ್ನು ಅರ್ಧ ಬೆಲೆಗೆ ಕೊಟ್ಟುಹೋಗುವ ಸೊಪ್ಪಿನಮ್ಮ. ಸಾರಿಗೆ ಬೇಳೆ ಸಾಲದಿದ್ದರೆ ಒಂದು ಲೋಟ ಅಳೆದುಕೊಡುವ ಪಕ್ಕದ ಮನೆಯಾಕೆ. ಇದ್ಯಾವುದನ್ನೂ ಲಾರಿಗೆ ಹೇರಿಕೊಂಡು ಹೋಗಲಾಗದು. ಹೊಸ ಜಾಗದಲ್ಲಿ ಮುಖ ಪರಿಚಯವೇ ಇಲ್ಲದವಳಿಗೆ ಉದ್ರಿ ಕೊಡುವವರು ಯಾರು?

ಬುಲ್ಡೋಜರ್ ಬಾರದೆಯೂ ಇದು ನಡೆಯುತ್ತದೆ. ದುಡಿಯುವವರ ಕೇರಿಗೆ ಉಳ್ಳವರು ಬಂದು ಸೇರಿ, ಬಾಡಿಗೆ ಏರಿ, ಹಳಬರು ಜಾಗ ಖಾಲಿ ಮಾಡುವುದನ್ನು ಲಂಡನ್ನಿನಲ್ಲಿ ಕಂಡ ಸಮಾಜಶಾಸ್ತ್ರಜ್ಞೆ ರುತ್ ಗ್ಲಾಸ್ 1964ರಲ್ಲಿ ಅದನ್ನು ಜೆಂಟ್ರಿಫಿಕೇಶನ್ ಎಂದು ಕರೆದರು. ಒಳ್ಳೆಯ ಆಹಾರ ಎಟುಕುವ ಬೆಲೆಗೆ ಸಿಗದ ಬಡಾವಣೆಗಳನ್ನು ಬ್ರಿಟನ್ನಿನಲ್ಲಿ 1990ರ ದಶಕದಿಂದ ಆಹಾರದ ಮರುಭೂಮಿ ಎನ್ನುತ್ತಾರೆ. ನಮ್ಮ ನಗರಗಳ ಮರುಭೂಮಿಯಲ್ಲಿ ಅಂಗಡಿಗಳಿಗೇನೂ ಬರವಿಲ್ಲ; ಬಡವರು ಕಾಲಿಡಬಹುದಾದ ಅಂಗಡಿಗಳಿಗೆ ಬರ. ತಳ್ಳುಗಾಡಿ ನಿಲ್ಲುತ್ತಿದ್ದ ಜಾಗ ಕಾರು ನಿಲ್ಲಿಸಲು ಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ತರಕಾರಿ ಬಾಗಿಲಿಗೆ ತರುವ ಮೊಬೈಲ್ ಆ್ಯಪ್ ಬರುತ್ತದೆ. ಅದು ಉದ್ರಿ ಬರೆದುಕೊಳ್ಳುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. ಪಡಿತರದ ಅಕ್ಕಿ ಹಸಿವನ್ನು ತಡೆದಿದೆ. 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಟಿಕೆಟ್ ಉಳಿಯಿತು, ನಿಜ. ದೂರದ ದಾರಿಯಲ್ಲಿ ಕಳೆಯುವ ಗಂಟೆಗಳು ಉಳಿಯಲಿಲ್ಲ. ಕತ್ತಲಾದ ಮೇಲೆ ಮನೆ ಸೇರುವವಳು ಸೊಪ್ಪು ಬಿಡಿಸುವುದು ಯಾವಾಗ? ಅನ್ನಕ್ಕೆ ನೀರಾದ ಸಾರು, ಅದೂ ಇಲ್ಲದ ದಿನ ಉಪ್ಪಿನಕಾಯಿ. ಕೊನೆಗೆ ಉಣ್ಣುವವಳ ಪಾಲಿಗೆ ತಳದ ಅನ್ನ.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ಕಾಗದದ ಮೇಲಿನ ಈ ಯಜಮಾನಿಕೆ ತಟ್ಟೆಯವರೆಗೆ ಬಂದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸುಮಾರು ಶೇ. 48ರಷ್ಟು ಹೆಂಗಸರಿಗೆ ರಕ್ತಹೀನತೆ, ಮದುವೆಯಾದವರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಅಡುಗೆ ಸರಿಯಾಗಿ ಮಾಡದ ಹೆಂಡತಿಯನ್ನು ಗಂಡ ಹೊಡೆಯುವುದು ಸರಿಯೇ ಎಂಬುದೂ ಆ ಸಮೀಕ್ಷೆ ಕೇಳುವ ಪ್ರಶ್ನೆಗಳಲ್ಲೊಂದು. ಆ ಪ್ರಶ್ನೆ ಕೇಳಬೇಕಾಗಿ ಬಂದಿರುವುದೇ ಎಷ್ಟೋ ಹೇಳುತ್ತದೆ. ಸಾರು ತೆಳ್ಳಗಾದದ್ದಕ್ಕೆ ಕಾರಣ ಬಡಾವಣೆಯ ನಕ್ಷೆಯಲ್ಲಿದೆ. ಏಟು ಬೀಳುವುದು ಅವಳ ಬೆನ್ನಿಗೆ. ನಗರ ಮಾಡಿದ ತಪ್ಪಿಗೆ ಹೆಂಡತಿ ಉತ್ತರ ಕೊಡಬೇಕಾಗುತ್ತದೆ. ಹೊಡೆಯುವ ಗಂಡನಿಗೆ ಇದರಿಂದ ಕ್ಷಮೆಯಿಲ್ಲ. ಆದರೆ ಅವನ ಜೊತೆಗೆ ಕಟಕಟೆಯಲ್ಲಿ ನಿಲ್ಲಬೇಕಾದವರು ಇನ್ನೂ ಇದ್ದಾರೆ.

ಆದ್ದರಿಂದ ವಸತಿ ಹೋರಾಟವನ್ನು ಕೊಳೆಗೇರಿ ಸಂಘಟನೆಗಳಿಗೆ, ಹಿಂಸೆಯ ಪ್ರಶ್ನೆಯನ್ನು ಮಹಿಳಾ ಸಂಘಟನೆಗಳಿಗೆ ಎಂದು ಹಂಚಿಕೊಂಡು ಕೂರುವುದು ಸಾಧ್ಯವಿಲ್ಲ. ಎರಡೂ ಕಡೆಯವರು ಒಟ್ಟಾಗಿ ಕೇಳಬೇಕಾದ್ದಿದೆ. ಇದ್ದ ಜಾಗದಲ್ಲೇ ಮನೆ ಕಟ್ಟಿಕೊಡುವುದು ಮೊದಲ ಹಕ್ಕಾಗಲಿ. ಅನಿವಾರ್ಯವಾಗಿ ಬೇರೆಡೆ ಕಳಿಸುವುದಾದರೆ, ಜನ ಹೋಗುವ ಮೊದಲೇ ಅಲ್ಲಿ ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಕ್ಯಾಂಟೀನ್, ತರಕಾರಿ ಸಂತೆ ಇರಲಿ. ಮನೆಯ ಹಕ್ಕುಪತ್ರದಲ್ಲಿ ಹೆಣ್ಣಿನ ಹೆಸರಿರಲಿ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ನಿಮ್ಮೂರಿನ ಸಮಿತಿಯಲ್ಲಿ ಅವರು ಯಾರು, ಅದು ಕಳೆದ ಸಲ ಸೇರಿದ್ದು ಯಾವಾಗ? ವಿಚಾರಿಸಿ.

ಮುಂದಿನ ಸಲ ಯಾವುದೇ ಅಧಿಕಾರಿ "ಇವರಿಗೆ ಮನೆ ಕೊಟ್ಟಿದ್ದೇವಲ್ಲ" ಎಂದಾಗ, ಅಲ್ಲಿಂದ ಸೊಪ್ಪಿನ ಅಂಗಡಿ ಎಷ್ಟು ದೂರ ಎಂದು ಕೇಳೋಣ.