ಕಣ್ಣು ಮುಚ್ಚಿದರೆ ಧ್ಯಾನ ಆಗುತ್ತಾ?



ಪ್ರಾರ್ಥನೆ ಆದ ಮೇಲೆ ನಾವು ಎರಡು ನಿಮಿಷ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತೇವೆ. ಕಣ್ಣು ಬಿಟ್ಟವರ ಹೆಸರನ್ನು ಲೀಡರ್ ಬೋರ್ಡಿನ ಮೇಲೆ ಬರೆಯುತ್ತಾನೆ. ಅದಕ್ಕೇ ಎಲ್ಲರೂ ಕಣ್ಣು ಮುಚ್ಚಿರುತ್ತೇವೆ, ಮನಸ್ಸು ಮಾತ್ರ ಗೋಲಿ ಆಟದಲ್ಲಿ ಇರುತ್ತೆ. ನನ್ನದೂ ಹಾಗೇ, ಸುಳ್ಳು ಹೇಳೋದಿಲ್ಲ. ಧ್ಯಾನ ಮಾಡಿದರೆ ಮಾರ್ಕ್ಸ್ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ಆದರೆ ಬುದ್ಧ ಧ್ಯಾನ ಹೇಳಿಕೊಟ್ಟಿದ್ದು ಮಾರ್ಕ್ಸಿಗಾಗಿ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಚಿಂತಾಮಣಿ ಹತ್ತಿರದ ಕೈವಾರದಲ್ಲಿ ತಾತಯ್ಯನವರು ತಪಸ್ಸು ಮಾಡಿದ ಗುಹೆ ಇದೆ. ಅದನ್ನು ನೋಡಿ, ಧ್ಯಾನಕ್ಕೆ ಗುಹೆ ಬೇಕು, ಅದು ದೊಡ್ಡವರಿಗೆ ಮಾತ್ರ ಅಂದುಕೊಂಡಿದ್ದೆ. ಆದರೆ ಬೌದ್ಧ ಗ್ರಂಥಗಳಲ್ಲಿ ಒಂದು ಕಥೆ ಇದೆ. ಸಿದ್ಧಾರ್ಥ ಹುಡುಗನಾಗಿದ್ದಾಗ ಅವನ ಅಪ್ಪ ಹೊಲದ ಕೆಲಸದಲ್ಲಿದ್ದರು. ಇವನು ನೇರಳೆ ಮರದ ನೆರಳಲ್ಲಿ ಸುಮ್ಮನೆ ಕೂತಿದ್ದ. ಆಗಲೇ ಅವನ ಮನಸ್ಸು ಶಾಂತವಾಯಿತಂತೆ. ದೊಡ್ಡವನಾದ ಮೇಲೆ ಊಟ ಬಿಟ್ಟು ದೇಹ ದಂಡಿಸಿದರೂ ಜ್ಞಾನ ಸಿಗಲಿಲ್ಲ. ಆಗ ಆ ಮರದ ನೆರಳು ನೆನಪಾಗಿ ಅದೇ ದಾರಿ ಹಿಡಿದನಂತೆ.

ಬುದ್ಧ ಹೇಳಿದ ಆನಾಪಾನ ಸರಳವಾಗಿದೆ. ಉಸಿರು ಒಳಗೆ ಬಂತು, ಹೊರಗೆ ಹೋಯ್ತು, ಅಷ್ಟನ್ನೇ ಗಮನಿಸಬೇಕು. ಉಸಿರನ್ನು ಬಿಗಿ ಹಿಡಿಯಬಾರದು. ಮನಸ್ಸು ಓಡಿಹೋದರೆ ಬೈಯದೆ ವಾಪಸ್ ಕರೆದುಕೊಂಡು ಬರಬೇಕು. ಆಮೇಲೆ ನೋವು, ಸುಖ, ಕೋಪ, ಆಸೆ ಹೇಗೆ ಬರುತ್ತವೆ, ಹೇಗೆ ಹೋಗುತ್ತವೆ ಅಂತ ನೋಡಬೇಕು. ಇದಕ್ಕೆ ವಿಪಶ್ಯನ ಎನ್ನುತ್ತಾರೆ. ಇರೋದನ್ನು ಇರೋ ಹಾಗೆ ನೋಡಿದರೆ ಆಸೆ, ದ್ವೇಷ ಕಡಿಮೆಯಾಗಿ ದುಃಖ ಕಳೆಯುತ್ತದೆ. ಇದೇ ಧ್ಯಾನದ ಉದ್ದೇಶ. 1994ರಲ್ಲಿ ಎಸ್. ಎನ್. ಗೋಯೆಂಕಾ ಅವರು ದೆಹಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಹತ್ತು ದಿನ ಇದನ್ನೇ ಕಲಿಸಿದರು. ಕೈದಿಗಳೇ ಕಲಿತ ಮೇಲೆ ನಮಗೆ ಕಷ್ಟವೇ?

ಈಗ ನನ್ನ ವಿಷಯ. ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಹೋದ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದಾಗ ತಮ್ಮ ಒದ್ದೆ ಸೊಪ್ಪು ಹಾಕಿಬಿಟ್ಟ. ನಾನು ಅವನಿಗೆ ಚೆನ್ನಾಗಿ ಬಾರಿಸಿದೆ. ಆಮೇಲೆ ನೋಡಿದರೆ ಸೊಪ್ಪನ್ನು ಮಳೆಯಲ್ಲಿ ಹೊರಗೆ ಬಿಟ್ಟವನು ನಾನೇ! ಈಗ ಕೋಪ ಬಂದಾಗ ಉಸಿರು ಜೋರಾಗಿ ಓಡೋದು ಗೊತ್ತಾಗುತ್ತೆ. ಹತ್ತು ಉಸಿರು ನೋಡುವಷ್ಟರಲ್ಲಿ ಎತ್ತಿದ ಕೈ ಇಳಿಯುತ್ತೆ. ಪ್ರತಿ ಸಲ ಆಗಲ್ಲ, ಕೆಲವು ಸಲ ಆಗುತ್ತೆ.

ಇದನ್ನು ಅಜ್ಜಿಗೆ ಹೇಳಿದೆ. "ಗೂಡು ಮಾರಿ ಅನ್ನ ತಿನ್ನೋ ನಮಗೆ ಬುದ್ಧನ ಧ್ಯಾನ ಯಾಕಪ್ಪಾ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಬುದ್ಧನ ಪಂಚಶೀಲದಲ್ಲಿ ಮೊದಲನೆಯದೇ ಪ್ರಾಣಿಗಳನ್ನು ಕೊಲ್ಲಬಾರದು ಎಂಬುದು. ಶೀಲವೇ ಧ್ಯಾನಕ್ಕೆ ಬುನಾದಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ಬಿಸಿನೀರಿಗೆ ಹೋಗುತ್ತೆ, ಒಳಗಿರೋ ಹುಳ ಸಾಯುತ್ತೆ. ನನ್ನ ಬಟ್ಟೆ, ಪುಸ್ತಕ ಎಲ್ಲಾ ಅದರಿಂದಲೇ. ಹಗಲು ರಾತ್ರಿ ದುಡಿಯೋ ಅಪ್ಪನನ್ನು ನಾನು ತಪ್ಪು ಅನ್ನಲಾರೆ. ಆದರೆ ಹುಳ ಸಾಯೋದೇ ಇಲ್ಲ ಅನ್ನೋ ಹಾಗೆ ಕಣ್ಣು ಮುಚ್ಚಿಕೊಳ್ಳೋದು ಧ್ಯಾನ ಅಲ್ಲ. ಅದನ್ನೂ ನೋಡಬೇಕು. ಅಜ್ಜಿಯ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ, ಆದರೆ ಮರೆಯೋದಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. ಆ ಎರಡು ನಿಮಿಷವನ್ನು ಐದು ನಿಮಿಷ ಮಾಡಿ. ಉಸಿರು ನೋಡೋದನ್ನು ಹೇಳಿಕೊಡಿ. ಬೋರ್ಡಿನ ಮೇಲೆ ಹೆಸರು ಬರೆಸಬೇಡಿ. ಗೆಳೆಯರೇ, ಕಣ್ಣು ಮುಚ್ಚೋದು ಒಳಗೆ ನೋಡೋದಕ್ಕೆ, ಲೀಡರ್‌ಗೆ ಹೆದರಿ ಅಲ್ಲ. ತಪ್ಪು ಬರೆದಿದ್ದರೆ ಕ್ಷಮಿಸಿ, ಬೇರೆ ಅಭಿಪ್ರಾಯ ಇದ್ದವರು ಮುಂದಿನ ಸಂಚಿಕೆಗೆ ಬರೆಯಿರಿ.

— ಏಳನೇ ತರಗತಿಯ ವಿದ್ಯಾರ್ಥಿ